ಒಂದು ಮೇಜು, ಎರಡು ಪುಸ್ತಕ

ಆಜಾದ್ ಮೈದಾನದಲ್ಲಿ ಒಂದು ಪಂದ್ಯದ ಥರ್ಡ್‌ಮ್ಯಾನ್
ಇನ್ನೊಂದು ಪಂದ್ಯದ ಸ್ಲಿಪ್ಪಿಗೆ ಬೆನ್ನು ತಾಗಿಸಿ ನಿಂತಿರುತ್ತಾನೆ.
ಯಾರ ಚೆಂಡು ಯಾರ ಕಾಲಡಿ ಬಂತೆಂದು ತಿಳಿಯಲು
ನನಗೆ ಎರಡು ಮಳೆಗಾಲ ಹಿಡಿಯಿತು.

ಇದು ಮೂರನೆಯದು. ಧುರಂಧರ ಸ್ಮಾರಕ ಕಪ್.
ಮೂವತ್ತೈದು ಓವರು, ಹದಿನಾರು ತಂಡ,
ಸೋತರೆ ಸೋತ ಹಾಗೇ, ಮರು ಭಾನುವಾರವಿಲ್ಲ.
ಪ್ರತಿ ಸುತ್ತಿಗೂ ಅರ್ಧ ಜನ ಕಿಟ್ಟು ಹೆಗಲಿಗೇರಿಸಿ
ಚರ್ಚ್‌ಗೇಟಿಗೋ ವೀಟಿಗೋ ಮಾತಿಲ್ಲದೆ ನಡೆದುಬಿಡುತ್ತಾರೆ.
ಕೊನೆವರೆಗೂ ಸೋಲದವರು ಮೂವರೇ:
ಲಿಂಬೂ ಪಾನಿಯ ದಗಡೂ, ನಾನು,
ಪಕ್ಕದ ಕುರ್ಚಿಯ ಕೇಕಿ ಭರೂಚಾ ಸಾಹೇಬರು.

ಒಂದು ಮೇಜು, ಎರಡು ಪುಸ್ತಕ. ಅದು ನಿಯಮ.
ಓವರ್ ಮುಗಿದಾಗ ಅವರ ಮೊತ್ತ, ನನ್ನ ಮೊತ್ತ
ಬೀಗರ ಹಾಗೆ ಎದುರುಬದುರಾಗಿ ಒಪ್ಪಬೇಕು.

ಮೊದಲ ಸುತ್ತಿನಲ್ಲಿ ಅಂಚೆಯವರು ಒಂಬತ್ತೇ ಜನ ಬಂದರು.
ದಗಡೂನ ತಮ್ಮ ಚಪ್ಪಲಿ ಬಿಟ್ಟು ಕವರ್‌ನಲ್ಲಿ ನಿಂತ,
ಒಂದು ಕ್ಯಾಚು ಹಿಡಿದ, ಅದಕ್ಕೇ ಗೆದ್ದರು.
ಅವತ್ತೇ ಗೊತ್ತಾಯಿತು ನನಗೆ:
ಸಾಹೇಬರ ಪೆನ್ಸಿಲ್ಲು ನನ್ನದಕ್ಕಿಂತ ಒಂದು ಉಸಿರು ಹಿಂದೆ.
ಅಂಪೈರಿಗೆ ನಾನು ಕೈ ಎತ್ತಿದರೆ ಅವರ ಕೈಯೂ ಏಳುತ್ತದೆ,
ಪಿಚ್ಚಿನ ಕಡೆ ನೋಡದೆ, ನನ್ನ ತೋಳಿನ ಬಟ್ಟೆ ನೋಡಿ.
ಎರಡೂ ಕಣ್ಣಿಗೆ ಪೊರೆ.

ಯಾರಿಗೂ ಹೇಳಲಿಲ್ಲ. ಗೊಣಗತೊಡಗಿದೆ.
ನನ್ನಷ್ಟಕ್ಕೆ ಎಂಬಂತೆ, ಸೊಪ್ಪು ಬಿಡಿಸುತ್ತಾ ಲೆಕ್ಕ ಹಾಕುವವಳ ಹಾಗೆ:
ಖಾಲಿ, ಖಾಲಿ, ಎರಡು, ವೈಡು, ಖಾಲಿ.
ಅವರೂ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ
ಧೋಬಿ ತಲಾವಿನಿಂದ ಒಂದು ಮಾವಾ ಕೇಕಿನ ಬದಲು ಎರಡು ತಂದರು.

ಸೆಪ್ಟೆಂಬರು. ಫೈನಲ್ಲು.
ಗಿರಗಾವಿನ ಕಡೆಯಿಂದ ಆಗಲೇ ಢೋಲು,
ನೆಲ ಇನ್ನೂ ಹಸಿ, ರನ್ನಿಗೆ ಬರಗಾಲ.
ವರ್ಲಿ ಕೋಳಿವಾಡದ ಹುಡುಗ ನಿಶಾದ್ ತಾಂಡೇಲ,
ಐಸ್ ಫ್ಯಾಕ್ಟರಿಗೆ ರಜೆ ಹಾಕಿ ಬಂದ ಅಪ್ಪ,
ಮೂವತ್ತೊಂದನೇ ಓವರು, ನಾಲ್ಕನೇ ಚೆಂಡು.
ಗಾಳಿ ನನ್ನ ಪುಟ ಮಗುಚಿತು. ಕೇಕಿನ ಡಬ್ಬಿ ಹೇರಿ ಒತ್ತಿ ಹಿಡಿದೆ,
ತಲೆ ಎತ್ತಿದಾಗ ಇಬ್ಬರೂ ಆಚೀಚೆ ದಾಟಿದ್ದರು.
'ಒಂದು' ಅಂದೆ. ಅಭ್ಯಾಸಬಲದಿಂದ ಕೈಯನ್ನೂ ಎತ್ತಿದೆ.
'ಐವತ್ತು!' ಎಂದು ಡೇರೆಗೆ ಕೂಗಿದೆ. ಚಪ್ಪಾಳೆ. ಹುಡುಗ ಬ್ಯಾಟು ಎತ್ತಿದ.
ಮರು ಓವರಿನಲ್ಲೇ ಬೌಲ್ಡು.

ಇನ್ನಿಂಗ್ಸ್ ಮುಗಿದು ಕೂಡಿಸಿದರೆ ಮೊತ್ತ ಸರಿ,
ಅವನ ಸಾಲು ಮಾತ್ರ ಒಪ್ಪುತ್ತಿಲ್ಲ.
ಸಾಹೇಬರ ಪುಸ್ತಕದಲ್ಲಿ ಆ ಚೆಂಡಿನ ಮನೆಯೊಳಗೆ
ತಲೆಕೆಳಗಾದ ಪುಟ್ಟ ತ್ರಿಕೋನ. ಲೆಗ್‌ಬೈ.
'ಮರ ಮಾತಾಡಲಿಲ್ಲ, ಬೇಟಾ,' ಅಂದರು. 'ಪ್ಯಾಡು.'
ಅಷ್ಟು ಢೋಲಿನ ನಡುವೆ!
ಅಂಪೈರನ್ನು ಕೇಳಿದೆ. 'ಮೊಣಕಾಲು ಮುಟ್ಟಿ ತೋರಿಸಿದೆ,
ನೀನು ಕೈ ಎತ್ತಿದೆ.'

ರಬ್ಬರು ಹುಡುಕಲು ಹೊತ್ತು ಬೇಕಾಯಿತು ನನಗೆ,
ಎದುರಿಗೇ ಇತ್ತು.

ಹುಡುಗ ಬಂದ, ಮೊಬೈಲು ಹಿಡಿದು,
ಸೆಲೆಕ್ಷನ್ ಫೈಲಿಗೆ ಒಂದು ಫೋಟೋ ಬೇಕಂತೆ.
ನಲವತ್ತೊಂಬತ್ತನ್ನು ನೋಡಿದ. ಉಜ್ಜಿದ ಕಾಗದ ಅಲ್ಲಿ ತೆಳ್ಳಗಾಗಿ
ಕೆಳಗಿನ ಮೇಜಿನ ಕಂದು ಕಾಣುತ್ತಿತ್ತು.
'ಕಾಲಿಗೆ ಬಡಿದದ್ದು ನನಗೂ ಗೊತ್ತಿತ್ತು, ತಾಯಿ.
ಅಪ್ಪ ಎದ್ದು ನಿಂತಿದ್ದರು ನೋಡಿ.'
ಫೋಟೋ ತೆಗೆದುಕೊಂಡು ಹೋದ.

ಕಪ್ಪು ಯಾರು ಗೆದ್ದರು ಅಂತ ಪುಸ್ತಕದಲ್ಲಿದೆ.
ನನಗೆ ನೆನಪಿರುವುದು ಸಂಜೆಯ ಸಬ್‌ವೇ,
ಮೆಟ್ಟಿಲ ಮೇಲೆ ನೀರು, ನನ್ನ ಮೊಣಕೈ ಮೇಲೆ ಸಾಹೇಬರ ಕೈ.
ಡೊಂಬಿವಲಿ ಲೋಕಲ್ಲಿಗೆ ಏಳೇ ನಿಮಿಷ, ಅವರದು ನಿಧಾನ ನಡಿಗೆ.
ಚಾರ್ಜರ್ ಮಾರುವವನ ಅಂಗಡಿ ದಾಟಿದ ಮೇಲೆ ಹೇಳಿದರು:
'ಮುಂದಿನ ವರ್ಷ
ಇನ್ನೂ ಸ್ವಲ್ಪ ಜೋರಾಗಿ ಗೊಣಗು.'